ಎತ್ತರಿಸಿದ ಲಂಬ ಆಂಟೆನಾ

ಎತ್ತರಿಸಿದ ಲಂಬ ಆಂಟೆನಾ ಎಂಬುದು ತನ್ನ ಬುಡವಾಗಲಿ, ಬುಡಕ್ಕೆ ಜೋಡಿಸಿದ ತಂತಿಗಳಾಗಲಿ ನೆಲವನ್ನು ಮುಟ್ಟದಂತೆ ಕಂಬದ ಮೇಲೋ ಕಟ್ಟಡದ ತಾರಸಿಯ ಮೇಲೋ ನೆಟ್ಟಗೆ ನಿಲ್ಲಿಸಿದ ರೇಡಿಯೋ ಆಂಟೆನಾ. ಇದರ ಸಾಮಾನ್ಯ ರೂಪದಲ್ಲಿ ಕಾಲು ತರಂಗದೂರದಷ್ಟು ಉದ್ದದ ಒಂದು ಲಂಬ ವಾಹಕವೂ, ಅದರ ಬುಡದಿಂದ ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಿದ ಕೆಲವು ತಂತಿಗಳೂ ಇರುತ್ತವೆ. ಈ ತಂತಿಗಳನ್ನು ರೇಡಿಯಲ್‌ಗಳೆಂದು ಕರೆಯುತ್ತಾರೆ. ಹವ್ಯಾಸಿ ರೇಡಿಯೋ (ಹ್ಯಾಮ್ ರೇಡಿಯೋ) ಬಳಕೆದಾರರಲ್ಲಿ ಇದಕ್ಕೆ ‘ಗ್ರೌಂಡ್ ಪ್ಲೇನ್ ಆಂಟೆನಾ’ ಎಂಬ ಹೆಸರೂ ಇದೆ.

ಎತ್ತರ ಹೆಚ್ಚಿದಷ್ಟೂ ಸಂಕೇತ ದೂರ ಹೋಗುತ್ತದೆ ಎಂಬ ಕಾರಣಕ್ಕಾಗಿಯೇ ಈ ಆಂಟೆನಾವನ್ನು ಮೇಲೆತ್ತುತ್ತಾರೆಂದು ಹಲವರು ಭಾವಿಸುತ್ತಾರೆ. ಅತ್ಯುನ್ನತ ಆವೃತ್ತಿಯ (ವಿಎಚ್‌ಎಫ್) ಬ್ಯಾಂಡ್‌ಗಳಿಗೆ ಈ ಮಾತು ಸರಿ. 3ರಿಂದ 30 ಮೆಗಾಹರ್ಟ್ಸ್ ವರೆಗಿನ ಹ್ರಸ್ವ ತರಂಗಗಳಲ್ಲಿ ಮಾತ್ರ ಮುಖ್ಯ ಕಾರಣ ಬೇರೆ. ಅಲ್ಲಿ ಆಂಟೆನಾವನ್ನು ಎತ್ತರಿಸುವುದು, ಪ್ರೇಷಕದ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಮಣ್ಣನ್ನು ಬಿಸಿಮಾಡುವುದರಲ್ಲಿ ವ್ಯರ್ಥವಾಗದಿರಲೆಂದು.

## ಇತಿಹಾಸ

ಹೈನ್‌ರಿಚ್ ಹರ್ಟ್ಸ್ 1880ರ ದಶಕದಲ್ಲಿ ವಿದ್ಯುತ್ಕಾಂತೀಯ ತರಂಗಗಳ ಇರವನ್ನು ತೋರಿಸಿದ ಪ್ರಯೋಗಗಳಲ್ಲಿ ಬಳಸಿದ ಆಂಟೆನಾಕ್ಕೆ ಎರಡು ಸಮಾನ ಭುಜಗಳಿದ್ದವು. ಅದಕ್ಕೆ ನೆಲದ ಸಂಪರ್ಕ ಬೇಕಿರಲಿಲ್ಲ. ಅನಂತರ ಗುಗ್ಲಿಯೆಲ್ಮೊ ಮಾರ್ಕೋನಿ ಒಂದು ಭುಜವನ್ನು ಮೇಲಕ್ಕೆತ್ತಿ, ಇನ್ನೊಂದು ಭುಜದ ಬದಲಿಗೆ ನೆಲವನ್ನೇ ಬಳಸಿದರು. 1901ರ ಡಿಸೆಂಬರ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್‌ನ ಸಿಗ್ನಲ್ ಹಿಲ್‌ನಲ್ಲಿ ಅವರು ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಗಾಳಿಪಟದಿಂದ ಎತ್ತಿ ಹಿಡಿದ ತಂತಿಯ ಮೂಲಕ ಆಲಿಸಿದರು. ನೆಲವನ್ನು ಆಂಟೆನಾದ ಅರ್ಧಭಾಗವಾಗಿ ಬಳಸುವ ಪದ್ಧತಿ ಹೀಗೆ ರೂಢಿಗೆ ಬಂದಿತು.

ನೆಲವು ಒಳ್ಳೆಯ ವಾಹಕವಲ್ಲವಾದ್ದರಿಂದ, ಆಂಟೆನಾದ ಬುಡದಿಂದ ತಾಮ್ರದ ತಂತಿಗಳನ್ನು ಮಣ್ಣಿನಲ್ಲಿ ಹೂಳುವ ಕ್ರಮ ಬೆಳೆಯಿತು. ಎಷ್ಟು ತಂತಿ ಬೇಕು, ಎಷ್ಟು ಉದ್ದ ಬೇಕು ಎಂಬ ಪ್ರಶ್ನೆಗೆ ಅಮೆರಿಕದ ಎಂಜಿನಿಯರುಗಳಾದ ಜಾರ್ಜ್ ಬ್ರೌನ್, ಲೂಯಿಸ್ ಹಾಗೂ ಎಪ್‌ಸ್ಟೀನ್ 1937ರಲ್ಲಿ ಪ್ರಕಟಿಸಿದ ಪ್ರಬಂಧ ಮಾಪನಗಳ ಆಧಾರದ ಮೇಲೆ ಉತ್ತರ ನೀಡಿತು. ಮಧ್ಯಮ ತರಂಗದ ಪ್ರಸಾರ ಕೇಂದ್ರಗಳಲ್ಲಿ 120 ತಂತಿಗಳನ್ನು ಹೂಳುವ ವಾಡಿಕೆಗೆ ಈ ಪ್ರಬಂಧವೇ ಆಧಾರ.

ಅದೇ ಬ್ರೌನ್ ರೇಡಿಯಲ್‌ಗಳನ್ನು ನೆಲದಿಂದ ಬಿಡಿಸಿ ಆಂಟೆನಾದೊಂದಿಗೇ ಮೇಲೆತ್ತುವ ಗ್ರೌಂಡ್ ಪ್ಲೇನ್ ಆಂಟೆನಾವನ್ನೂ ರೂಪಿಸಿದರು. ಎರಡು ರೇಡಿಯಲ್‌ಗಳೇ ಸಾಕಾಗಿದ್ದರೂ, ಅಂಥ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಪ್ರಸಾರ ಮಾಡೀತೆಂದು ಕೊಳ್ಳುವವರು ನಂಬಲಾರರು ಎಂಬ ಕಾರಣಕ್ಕೆ ಇನ್ನೆರಡನ್ನು ಸೇರಿಸಲಾಯಿತು ಎಂಬ ಪ್ರಸಂಗ ಎಂಜಿನಿಯರುಗಳ ನಡುವೆ ಪ್ರಚಲಿತವಾಗಿದೆ.

ಹವ್ಯಾಸಿಗಳ ಗಮನ ಹ್ರಸ್ವ ತರಂಗದ ಎತ್ತರಿಸಿದ ಆಂಟೆನಾಗಳ ಕಡೆಗೆ ವಿಶೇಷವಾಗಿ ಹರಿದದ್ದು 1988ರಲ್ಲಿ. ಆ ವರ್ಷ ಆಲ್ ಕ್ರಿಸ್ಟ್‌ಮನ್ ಅವರು ಅಮೆರಿಕದ ‘ಕ್ಯೂಎಸ್‌ಟಿ’ ಪತ್ರಿಕೆಯಲ್ಲಿ ಗಣಕದ ಲೆಕ್ಕಾಚಾರವನ್ನು ಪ್ರಕಟಿಸಿ, ಕೆಲವೇ ಮೀಟರ್ ಎತ್ತರದಲ್ಲಿರುವ ನಾಲ್ಕು ರೇಡಿಯಲ್‌ಗಳು ಹೂತಿಟ್ಟ 120 ತಂತಿಗಳಿಗೆ ಸರಿಸಾಟಿಯಾಗಬಲ್ಲವೆಂದು ತೋರಿಸಿದರು. ಮುಂದೆ ರೂಡಿ ಸೆವರ್ನ್ಸ್ ಅವರು ಬಯಲಿನಲ್ಲಿ ನಡೆಸಿದ ಮಾಪನಗಳು ಈ ನಿರ್ಣಯವನ್ನು ಬಹುಮಟ್ಟಿಗೆ ಎತ್ತಿಹಿಡಿದವು. ಯಾವ ತಪ್ಪುಗಳಿಂದ ಈ ಲಾಭ ಕೈತಪ್ಪುತ್ತದೆ ಎಂಬುದನ್ನೂ ತಿಳಿಸಿದವು.

## ಕಾರ್ಯತತ್ತ್ವ

ಯಾವ ಆಂಟೆನಾಕ್ಕಾದರೂ ವಿದ್ಯುತ್ ಪ್ರವಾಹ ಹೋಗಲು ಒಂದು ದಾರಿಯಂತೆ ಮರಳಲೂ ಒಂದು ದಾರಿ ಬೇಕು. ಲಂಬ ವಾಹಕದೊಳಕ್ಕೆ ಎಷ್ಟು ಪ್ರವಾಹ ಹರಿಯುತ್ತದೆಯೋ ಅಷ್ಟೇ ಪ್ರವಾಹ ಬುಡದ ಇನ್ನೊಂದು ಬದಿಯಿಂದ ಬರಬೇಕು. ಆಂಟೆನಾವನ್ನು ನೆಲದಲ್ಲಿ ನಿಲ್ಲಿಸಿ ಒಂದು ಅರ್ತಿಂಗ್ ಸಲಾಕೆಯನ್ನಷ್ಟೇ ಹುಗಿದರೆ ಈ ಮರಳುವ ಪ್ರವಾಹ ಸುತ್ತಲಿನ ಮಣ್ಣಿನ ಮೂಲಕವೇ ಬರಬೇಕಾಗುತ್ತದೆ. ಮಣ್ಣಿಗೆ ರೋಧವಿರುವುದರಿಂದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

ಕಾಲು ತರಂಗದೂರದ ರೇಡಿಯಲ್ ತಂತಿಯ ಹೊರತುದಿ ಎಲ್ಲಿಗೂ ಸೇರಿರುವುದಿಲ್ಲ. ಆ ತುದಿಯಲ್ಲಿ ಪ್ರವಾಹ ಸೊನ್ನೆ, ವೋಲ್ಟೇಜ್ ಗರಿಷ್ಠ. ಕಾಲು ತರಂಗದೂರ ಒಳಗೆ, ಅಂದರೆ ಆಂಟೆನಾದ ಬುಡದಲ್ಲಿ, ಸ್ಥಿತಿ ತಿರುವುಮುರುವಾಗಿ ಪ್ರವಾಹ ಗರಿಷ್ಠವೂ ವೋಲ್ಟೇಜ್ ಕನಿಷ್ಠವೂ ಆಗಿರುತ್ತದೆ. ಆದ್ದರಿಂದ ಅಂಥ ತಂತಿ ನೆಲವನ್ನು ಮುಟ್ಟದಿದ್ದರೂ ಬುಡದ ಪಾಲಿಗೆ ಉತ್ತಮ ನೆಲದಂತೆಯೇ ವರ್ತಿಸುತ್ತದೆ. ಎದುರುಬದುರಾದ ಎರಡು ರೇಡಿಯಲ್‌ಗಳಲ್ಲಿ ಪ್ರವಾಹ ವಿರುದ್ಧ ದಿಕ್ಕುಗಳಲ್ಲಿ ಹರಿಯುವುದರಿಂದ ಅವುಗಳ ವಿಕಿರಣ ಪರಸ್ಪರ ರದ್ದಾಗುತ್ತದೆ. ಹೊರಹೊಮ್ಮುವ ವಿಕಿರಣವೆಲ್ಲ ಹೆಚ್ಚುಕಡಿಮೆ ಲಂಬ ವಾಹಕದ್ದೇ ಆಗಿರುತ್ತದೆ.

### ನಷ್ಟದ ಲೆಕ್ಕ

ಆಂಟೆನಾದ ದಕ್ಷತೆಯನ್ನು ಈ ಸರಳ ಸೂತ್ರದಿಂದ ಅಂದಾಜಿಸಬಹುದು:

ದಕ್ಷತೆ = ವಿಕಿರಣ ರೋಧ ÷ (ವಿಕಿರಣ ರೋಧ + ನಷ್ಟ ರೋಧ)

ಪರಿಪೂರ್ಣ ವಾಹಕವಾದ ನೆಲದ ಮೇಲೆ ಕಾಲು ತರಂಗದ ಆಂಟೆನಾದ ವಿಕಿರಣ ರೋಧ ಸುಮಾರು 36 ಓಮ್. ಉದಾಹರಣೆಗಾಗಿ ನೆಲದ ನಷ್ಟ ರೋಧ 30 ಓಮ್ ಎಂದಿಟ್ಟುಕೊಂಡರೆ, 100 ವ್ಯಾಟ್ ಊಡಿದಾಗ ಸುಮಾರು 55 ವ್ಯಾಟ್ ಮಾತ್ರ ವಿಕಿರಣವಾಗುತ್ತದೆ. ಉಳಿದದ್ದು ಮಣ್ಣಿನ ಪಾಲು. ನಷ್ಟ ರೋಧವನ್ನು 4 ಓಮ್‌ಗೆ ಇಳಿಸಿದರೆ 90 ವ್ಯಾಟ್ ವಿಕಿರಣವಾಗುತ್ತದೆ. ಸ್ಥಳದ ಅಭಾವದಿಂದ ಲಂಬ ವಾಹಕವನ್ನು ಮೊಟಕುಗೊಳಿಸಿದ ಆಂಟೆನಾಗಳಲ್ಲಿ ಈ ಅಂತರ ಇನ್ನೂ ಹಿರಿದು. ಅವುಗಳ ವಿಕಿರಣ ರೋಧ 10 ಓಮ್ ಇದ್ದರೆ, ನಷ್ಟ ರೋಧ 30 ಓಮ್ ಆದಾಗ ದಕ್ಷತೆ ಶೇಕಡಾ 25. ನಷ್ಟ ರೋಧ 4 ಓಮ್ ಆದಾಗ ಶೇಕಡಾ 71.

ಸ್ಥಾಯಿ ತರಂಗ ಅನುಪಾತವನ್ನು (ಎಸ್‌ಡಬ್ಲ್ಯೂಆರ್) ಮಾತ್ರ ನೋಡಿ ಆಂಟೆನಾದ ಗುಣವನ್ನು ನಿರ್ಧರಿಸಬಾರದೆಂಬುದು ಇದೇ ಲೆಕ್ಕದಿಂದ ತಿಳಿಯುತ್ತದೆ. 36 ಓಮ್ ವಿಕಿರಣ ರೋಧಕ್ಕೆ 14 ಓಮ್ ನೆಲದ ನಷ್ಟ ಸೇರಿದರೆ ಮೊತ್ತ ಸರಿಯಾಗಿ 50 ಓಮ್ ಆಗುತ್ತದೆ. ಮಾಪಕ 1:1 ಎಂಬ ನಿರ್ದೋಷ ಅನುಪಾತವನ್ನು ತೋರಿಸುತ್ತದೆ. ರೇಡಿಯಲ್‌ಗಳನ್ನು ಸುಧಾರಿಸಿ ಆ ನಷ್ಟವನ್ನು ಪೂರ್ಣವಾಗಿ ನಿವಾರಿಸಿದರೆ ಅನುಪಾತ ಸುಮಾರು 1.4:1ಕ್ಕೆ ಏರುತ್ತದೆ. ಮಾಪಕದ ದೃಷ್ಟಿಯಲ್ಲಿ ಆಂಟೆನಾ ಕೆಟ್ಟಂತೆ ಕಂಡರೂ ನಿಜದಲ್ಲಿ ಅದು ಉತ್ತಮಗೊಂಡಿರುತ್ತದೆ.

### ಸಮೀಪದ ನೆಲ, ದೂರದ ನೆಲ

ರೇಡಿಯಲ್‌ಗಳು ತಡೆಯುವುದು ಆಂಟೆನಾದ ಸಮೀಪದ ನಷ್ಟವನ್ನು ಮಾತ್ರ. ಆಂಟೆನಾದಿಂದ ಹೊರಟ ತರಂಗ ಅನೇಕ ತರಂಗದೂರಗಳಾಚೆ ನೆಲಕ್ಕೆ ತಾಗಿ ಪ್ರತಿಫಲಿಸುತ್ತದೆ. ಕ್ಷಿತಿಜಕ್ಕೆ ಹತ್ತಿರದ ಕೆಳಕೋನಗಳಲ್ಲಿ ಸಂಕೇತ ಎಷ್ಟು ಬಲವಾಗಿರುತ್ತದೆಂಬುದು ಆ ದೂರದ ನೆಲದ ಗುಣವನ್ನು ಅವಲಂಬಿಸಿದೆ. ಎಷ್ಟೇ ರೇಡಿಯಲ್ ಹಾಕಿದರೂ ಅದನ್ನು ಬದಲಿಸಲಾಗದು. ಸಾಧಾರಣ ಮಣ್ಣಿನ ವಾಹಕತೆ ಮೀಟರಿಗೆ ಸುಮಾರು 0.005 ಸೀಮೆನ್ಸ್, ಒಣ ಕಲ್ಲುನೆಲದ್ದು ಸುಮಾರು 0.001, ಸಮುದ್ರದ ನೀರಿನದು ಸುಮಾರು 5. ಸಮುದ್ರತೀರದಲ್ಲಿ ನಿಲ್ಲಿಸಿದ ಲಂಬ ಆಂಟೆನಾ ಸಮುದ್ರದ ದಿಕ್ಕಿನಲ್ಲಿ ಅಸಾಧಾರಣವಾಗಿ ಕೆಲಸಮಾಡುವುದಕ್ಕೂ, ಅದೇ ಆಂಟೆನಾ ಒಳನಾಡಿನ ಬಂಡೆಯ ನೆಲದಲ್ಲಿ ಸಪ್ಪೆಯಾಗುವುದಕ್ಕೂ ಇದೇ ಕಾರಣ.

## ರೇಡಿಯಲ್ ತಂತಿಗಳು

ಹೂತಿಟ್ಟ ತಂತಿಗಳಿಗೂ ಎತ್ತರಿಸಿದ ತಂತಿಗಳಿಗೂ ಸ್ವಭಾವದಲ್ಲಿ ಭೇದವಿದೆ. ಮಣ್ಣಿನಲ್ಲಿರುವ ತಂತಿಯ ಅನುರಣನವನ್ನು ಮಣ್ಣು ಕುಗ್ಗಿಸಿಬಿಡುವುದರಿಂದ ಅದರ ಉದ್ದ ನಿಖರವಾಗಿರಬೇಕಿಲ್ಲ, ಸಂಖ್ಯೆ ಹೆಚ್ಚಿರಬೇಕು. ಎತ್ತರಿಸಿದ ತಂತಿ ಆಂಟೆನಾದ ಸಜೀವ ಅಂಗ. ಅದರ ಸಂಖ್ಯೆ ಕಡಿಮೆಯಿರಬಹುದು, ಉದ್ದ ಮಾತ್ರ ಸರಿಯಾಗಿರಬೇಕು.

* ಸಂಖ್ಯೆ: ಕನಿಷ್ಠ ಎರಡು, ಎದುರುಬದುರಾಗಿ. ನಾಲ್ಕು ರೇಡಿಯಲ್‌ಗಳನ್ನು 90 ಡಿಗ್ರಿ ಅಂತರದಲ್ಲಿ ಹರಡುವುದು ವಾಡಿಕೆ.
* ಸಮಾನತೆ: ರೇಡಿಯಲ್‌ಗಳಲ್ಲಿ ಪ್ರವಾಹ ಸಮನಾಗಿ ಹಂಚಿಕೆಯಾಗಬೇಕು. ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾದರೂ, ಒಂದು ತಂತಿಯ ಹತ್ತಿರ ಮಾತ್ರ ಕಬ್ಬಿಣದ ಕಟಕಟೆ ಅಥವಾ ತಗಡಿನ ಮಾಡು ಇದ್ದರೂ ಹಂಚಿಕೆ ಕೆಡುತ್ತದೆ. ಆಗ ನಷ್ಟ ಹೆಚ್ಚಿ, ಪ್ರಸಾರ ಒಂದು ಬದಿಗೆ ವಾಲುತ್ತದೆ. ಹತ್ತು–ಹನ್ನೆರಡು ರೇಡಿಯಲ್‌ಗಳಿದ್ದರೆ ಇಂಥ ಏರುಪೇರಿನ ಪರಿಣಾಮ ಬಹಳಷ್ಟು ತಗ್ಗುತ್ತದೆ.
* ಎತ್ತರ: ತರಂಗದೂರದ ಇಪ್ಪತ್ತನೆಯ ಒಂದು ಭಾಗದಷ್ಟು ಎತ್ತರದಲ್ಲೇ ಲಾಭದ ಬಹುಪಾಲು ದೊರೆಯುತ್ತದೆ, 40 ಮೀಟರ್ ಬ್ಯಾಂಡಿನಲ್ಲಿ ಇದು ಸುಮಾರು 2 ಮೀಟರ್. ಜನರ ಸುರಕ್ಷತೆಗಾಗಿ ಇದಕ್ಕಿಂತ ಹೆಚ್ಚಿನ ಎತ್ತರ ಬೇಕು.
* ನೆಲದ ಸಂಪರ್ಕ: ರೇಡಿಯಲ್‌ಗಳನ್ನು ಅರ್ತಿಂಗ್ ಸಲಾಕೆಗೆ ಸೇರಿಸಬಾರದು. ಸೇರಿಸಿದರೆ ಪ್ರವಾಹದ ಒಂದು ಭಾಗ ಮತ್ತೆ ಮಣ್ಣಿಗೇ ಹರಿದು, ಎತ್ತರಿಸಿದ ಉದ್ದೇಶವೇ ವಿಫಲವಾಗುತ್ತದೆ.
* ಇಳಿಜಾರು: ಸುತ್ತ ಯಾವ ವಸ್ತುವೂ ಇಲ್ಲದ ಮುಕ್ತ ಅವಕಾಶದಲ್ಲಿ, ಸಮತಲವಾಗಿ ಹರಡಿದ ನಾಲ್ಕು ರೇಡಿಯಲ್‌ಗಳಿದ್ದಾಗ ಬುಡದ ಇಂಪೀಡೆನ್ಸ್ ಸುಮಾರು 22 ಓಮ್, ಅವುಗಳನ್ನು 45 ಡಿಗ್ರಿ ಕೆಳಕ್ಕೆ ಇಳಿಬಿಟ್ಟರೆ ಅದು 50 ಓಮ್‌ನ ಆಸುಪಾಸಿಗೆ ಏರಿ, ಸಾಮಾನ್ಯ ಕೊಯಾಕ್ಸಿಯಲ್ ಕೇಬಲ್‌ಗೆ ಹೊಂದಿಕೊಳ್ಳುತ್ತದೆ. ನೆಲಕ್ಕೆ ಹತ್ತಿರವಾದಂತೆ ಈ ಬೆಲೆಗಳು ಬದಲಾಗುತ್ತವೆ.

## ಕೇಬಲ್‌ನ ಹೊರಮೈ ಪ್ರವಾಹ

ಎತ್ತರಿಸಿದ ಆಂಟೆನಾಗಳಲ್ಲಿ ಹೆಚ್ಚಾಗಿ ಕಂಡುಬರುವ ದೋಷ ಕೇಬಲ್‌ಗೆ ಸಂಬಂಧಿಸಿದ್ದು. ಕೊಯಾಕ್ಸಿಯಲ್ ಕೇಬಲ್‌ನ ಹೊರ ಜಾಲರಿಯನ್ನು ರೇಡಿಯಲ್‌ಗಳಿಗೆ ಸೇರಿಸಿರುತ್ತಾರೆ. ಹೀಗಾಗಿ ಆ ಜಾಲರಿಯ ಹೊರಮೈ ತಾನೂ ಒಂದು ರೇಡಿಯಲ್ ಆಗಿಬಿಡುತ್ತದೆ. ಅದರ ಉದ್ದಕ್ಕೂ ಆವೃತ್ತಿಗೂ ಹೊಂದಿಕೆಯಿಲ್ಲ. ಅದು ನೆಲದ ಮೇಲೆ ಹಾಯ್ದು ಮನೆಯೊಳಗಿನ ಪ್ರೇಷಕದ ಮೂಲಕ ಮನೆಯ ಅರ್ತಿಂಗ್ ಅನ್ನು ತಲಪುತ್ತದೆ. ಪರಿಣಾಮವಾಗಿ ಶಕ್ತಿ ಮಣ್ಣಿನ ಪಾಲಾಗುತ್ತದೆ, ಮೈಕ್ ಮುಟ್ಟಿದರೆ ಚುರುಗುಟ್ಟುತ್ತದೆ, ನೆರೆಮನೆಯ ಧ್ವನಿವರ್ಧಕಗಳಲ್ಲಿ ಗೊರಗೊರ ಸದ್ದು ಕೇಳಿಸುತ್ತದೆ. ಆಲಿಸುವಾಗ ಮನೆಯ ಎಲ್‌ಇಡಿ ದೀಪ, ಚಾರ್ಜರ್ ಮುಂತಾದವುಗಳ ಗದ್ದಲವೂ ಇದೇ ದಾರಿಯಿಂದ ಗ್ರಾಹಕಕ್ಕೆ ಸೇರುತ್ತದೆ.

ಇದಕ್ಕೆ ಪರಿಹಾರ, ಆಂಟೆನಾದ ಬುಡದಲ್ಲಿಯೇ ಕೇಬಲ್‌ಗೆ ಒಂದು ಚೋಕ್ ಅಳವಡಿಸುವುದು. ಹ್ರಸ್ವ ತರಂಗಕ್ಕೆ ತಕ್ಕ ಫೆರೈಟ್ ಬಳೆಯ ಮೂಲಕ ಕೇಬಲನ್ನು ಹಲವು ಸುತ್ತು ಹಾಯಿಸಿದರೆ ಅಥವಾ ಕೇಬಲ್ ಮೇಲೆ ಫೆರೈಟ್ ಮಣಿಗಳನ್ನು ಸಾಲಾಗಿ ಏರಿಸಿದರೆ ಹೊರಮೈಯ ಪ್ರವಾಹಕ್ಕೆ ದೊಡ್ಡ ತಡೆ ಒದಗುತ್ತದೆ. ಒಳಗಿನ ಸಂಕೇತಕ್ಕೆ ಬಾಧೆಯಿಲ್ಲ. ಲೋಹದ ಕಂಬವನ್ನು ಬಳಸಿದರೆ ರೇಡಿಯಲ್‌ಗಳನ್ನೂ ಲಂಬ ವಾಹಕವನ್ನೂ ಕಂಬದಿಂದ ಅವಾಹಕ ವಸ್ತುಗಳ ಮೂಲಕ ಬೇರ್ಪಡಿಸಬೇಕು.

## ಎತ್ತರದ ಪರಿಣಾಮ

ಹ್ರಸ್ವ ತರಂಗದಲ್ಲಿ ದೂರದ ಸಂಪರ್ಕ ಅಯಾನುಗೋಳದ ಪ್ರತಿಫಲನದಿಂದ ಆಗುತ್ತದೆ. ಲಂಬ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ, ಕೆಳಕೋನದಲ್ಲಿ ಪ್ರಸಾರ ಮಾಡುವುದರಿಂದ ಸಾವಿರಾರು ಕಿಲೋಮೀಟರ್ ದೂರಕ್ಕೆ ಅನುಕೂಲ. ಆದರೆ ಎತ್ತರವನ್ನು ಬೆಳೆಸುತ್ತ ಹೋದರೆ ಲಾಭವೂ ಬೆಳೆಯುತ್ತ ಹೋಗುವುದಿಲ್ಲ. ಬುಡ ಅರ್ಧ ತರಂಗದೂರಕ್ಕಿಂತ ಮೇಲೇರಿದಾಗ ಪ್ರಸಾರ ಹಲವು ಎಸಳುಗಳಾಗಿ ಒಡೆದು, ಒಂದು ಪಾಲು ಮೇಲ್ಕೋನಗಳಿಗೆ ಹೋಗುತ್ತದೆ.

ವಿಎಚ್‌ಎಫ್‌ನಲ್ಲಿ ತರಂಗ ಬಹುಮಟ್ಟಿಗೆ ನೇರದೃಷ್ಟಿಯಲ್ಲಿ ಸಾಗುತ್ತದೆ. ವಾತಾವರಣದಲ್ಲಿ ತರಂಗ ತುಸು ಬಾಗುವುದನ್ನು ಗಣನೆಗೆ ತೆಗೆದುಕೊಂಡು ರೇಡಿಯೋ ಕ್ಷಿತಿಜದ ದೂರವನ್ನು ಹೀಗೆ ಲೆಕ್ಕಹಾಕುತ್ತಾರೆ:

ದೂರ (ಕಿಲೋಮೀಟರ್) = 4.12 × ಎತ್ತರದ (ಮೀಟರ್) ವರ್ಗಮೂಲ

ಇದರಂತೆ 9 ಮೀಟರ್ ಎತ್ತರದಿಂದ ಸುಮಾರು 12 ಕಿಲೋಮೀಟರ್, 36 ಮೀಟರ್ ಎತ್ತರದಿಂದ ಸುಮಾರು 25 ಕಿಲೋಮೀಟರ್. ಎರಡು ಕೇಂದ್ರಗಳ ನಡುವಿನ ಸಾಧ್ಯ ದೂರ ಇಬ್ಬರ ಕ್ಷಿತಿಜಗಳ ಮೊತ್ತ. ದೂರ ಇಮ್ಮಡಿಯಾಗಲು ಎತ್ತರ ನಾಲ್ಕು ಪಟ್ಟಾಗಬೇಕು.

## ಅಳತೆಗಳು

ಲಂಬ ವಾಹಕದ ಹಾಗೂ ರೇಡಿಯಲ್‌ಗಳ ಆರಂಭಿಕ ಉದ್ದಕ್ಕೆ ಬಳಸುವ ಸೂತ್ರ:

ಉದ್ದ (ಮೀಟರ್) = 71.3 ÷ ಆವೃತ್ತಿ (ಮೆಗಾಹರ್ಟ್ಸ್)

| ಬ್ಯಾಂಡ್ | ಆವೃತ್ತಿ (ಮೆಗಾಹರ್ಟ್ಸ್) | ಉದ್ದ (ಮೀಟರ್) |
|---|---|---|
| 40 ಮೀಟರ್ | 7.1 | 10.04 |
| 20 ಮೀಟರ್ | 14.15 | 5.04 |
| 15 ಮೀಟರ್ | 21.2 | 3.36 |
| 10 ಮೀಟರ್ | 28.5 | 2.50 |
| 2 ಮೀಟರ್ | 145 | 0.49 |

ವಾಹಕದ ದಪ್ಪ, ತಂತಿಯ ಪ್ಲಾಸ್ಟಿಕ್ ಹೊದಿಕೆ, ನೆಲದ ಸಾಮೀಪ್ಯ ಇವುಗಳಿಂದ ನಿಜವಾದ ಉದ್ದ ಬದಲಾಗುತ್ತದೆ. ಆದ್ದರಿಂದ ತಂತಿಯನ್ನು ತುಸು ಉದ್ದವಾಗಿಯೇ ಇಟ್ಟುಕೊಂಡು, ಅಳೆಯುತ್ತ ಕತ್ತರಿಸುವುದು ಉಚಿತ. ಹೋಲಿಕೆಗೆ ಹೇಳುವುದಾದರೆ, ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿಯಾದ 612 ಕಿಲೋಹರ್ಟ್ಸ್‌ನಲ್ಲಿ ಕಾಲು ತರಂಗದೂರವೆಂದರೆ ಸುಮಾರು 122 ಮೀಟರ್. ಅಷ್ಟು ದೊಡ್ಡ ಗಾತ್ರಗಳಲ್ಲಿ ಗೋಪುರವನ್ನು ನೆಲದಲ್ಲಿ ನಿಲ್ಲಿಸಿ ತಂತಿಗಳನ್ನು ಹೂಳುವುದೇ ಸಾಮಾನ್ಯ ಕ್ರಮ.

## ನಿರ್ಮಾಣ

20 ಮೀಟರ್ ಬ್ಯಾಂಡಿನ ಒಂದು ಆಂಟೆನಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲಂಬ ವಾಹಕಕ್ಕೆ ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೊಳವೆಗಳನ್ನೋ, ಒಣಗಿದ ಬಿದಿರಿಗೆ ಕಟ್ಟಿದ ತಾಮ್ರದ ತಂತಿಯನ್ನೋ ಬಳಸಬಹುದು.

1. ಮೊದಲು ಎರಡು ರೇಡಿಯಲ್‌ಗಳನ್ನು ಎದುರುಬದುರಾಗಿ ಉದ್ದೇಶಿತ ಎತ್ತರದಲ್ಲಿ ಕಟ್ಟಿ, ಡೈಪೋಲ್ ಆಂಟೆನಾದಂತೆ ಮಧ್ಯದಲ್ಲಿ ಕೇಬಲ್ ಜೋಡಿಸಿ, ಬೇಕಾದ ಆವೃತ್ತಿಯಲ್ಲಿ ಅನುರಣಿಸುವಂತೆ ಸಮನಾಗಿ ಕತ್ತರಿಸಬೇಕು.
2. ಉಳಿದ ಎರಡನ್ನು ಅದೇ ಉದ್ದಕ್ಕೆ ಸಿದ್ಧಪಡಿಸಬೇಕು.
3. ನಾಲ್ಕನ್ನೂ ಬುಡದಲ್ಲಿ ಒಂದಾಗಿ ಸೇರಿಸಿ ಕೇಬಲ್‌ನ ಹೊರ ಜಾಲರಿಗೂ, ಲಂಬ ವಾಹಕವನ್ನು ಕೇಬಲ್‌ನ ನಡುತಂತಿಗೂ ಜೋಡಿಸಬೇಕು.
4. ಚೋಕ್ ಅಳವಡಿಸಿ, ಜೋಡಣೆಗಳಿಗೆ ಮಳೆನೀರು ಇಳಿಯದಂತೆ ಭದ್ರಪಡಿಸಬೇಕು.
5. ಕೊನೆಯಲ್ಲಿ ಲಂಬ ವಾಹಕದ ಉದ್ದವನ್ನು ಮಾತ್ರ ಹೊಂದಿಸಿ ಅನುರಣನವನ್ನು ಸರಿಪಡಿಸಬೇಕು.

ರೇಡಿಯಲ್‌ಗಳನ್ನು 45 ಡಿಗ್ರಿ ಇಳಿಬಿಡುವುದಾದರೆ ಬುಡದ ಎತ್ತರವನ್ನು ಮೊದಲೇ ಲೆಕ್ಕಹಾಕಬೇಕು. 5.04 ಮೀಟರ್ ತಂತಿ ಆ ಕೋನದಲ್ಲಿ ಸುಮಾರು 3.6 ಮೀಟರ್ ಕೆಳಗಿಳಿಯುತ್ತದೆ. ಬುಡ 3 ಮೀಟರ್ ಎತ್ತರದಲ್ಲಿದ್ದರೆ ತುದಿಗಳು ನೆಲಕ್ಕೆ ತಾಗುತ್ತವೆ. 6 ಮೀಟರ್ ಎತ್ತರದಲ್ಲಿದ್ದರೆ ನೆಲದಿಂದ ಸುಮಾರು 2.4 ಮೀಟರ್ ಮೇಲಿರುತ್ತವೆ.

## ಮಿತಿಗಳು

ಲಂಬ ಆಂಟೆನಾ ಎಲ್ಲ ಉದ್ದೇಶಗಳಿಗೂ ಒಪ್ಪುವುದಿಲ್ಲ. ಅದು ನೇರ ಮೇಲಕ್ಕೆ ಬಹು ಸ್ವಲ್ಪ ಶಕ್ತಿಯನ್ನು ಕಳುಹಿಸುತ್ತದೆ. ಬೆಂಗಳೂರಿನಿಂದ ಮೈಸೂರಿಗೋ ಹಾಸನಕ್ಕೋ 40 ಮೀಟರ್ ಬ್ಯಾಂಡಿನಲ್ಲಿ ಹಗಲು ಮಾತನಾಡಬೇಕಾದರೆ ತರಂಗ ಹೆಚ್ಚುಕಡಿಮೆ ನೆತ್ತಿಯ ನೇರಕ್ಕೆ ಹೋಗಿ ಅಯಾನುಗೋಳದಿಂದ ಮರಳಬೇಕು. ಅಂಥ ಸಮೀಪದ ಸಂಪರ್ಕಕ್ಕೆ ಕೆಲವೇ ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಡೈಪೋಲ್ ಆಂಟೆನಾವೇ ಮೇಲು. 20 ಮೀಟರ್ ಬ್ಯಾಂಡಿನಲ್ಲಿಯೂ 10 ಮೀಟರ್ ಎತ್ತರಕ್ಕೆ ಡೈಪೋಲ್ ಕಟ್ಟುವ ಸೌಕರ್ಯವಿದ್ದರೆ, ಸಾಧಾರಣ ಮಣ್ಣಿನ ಪ್ರದೇಶದಲ್ಲಿ ಅದು ತನ್ನ ಅನುಕೂಲ ದಿಕ್ಕುಗಳಲ್ಲಿ ಲಂಬ ಆಂಟೆನಾವನ್ನು ಮೀರಿಸುವುದುಂಟು. ವಿದ್ಯುತ್ ಉಪಕರಣಗಳು ಹುಟ್ಟಿಸುವ ಗದ್ದಲವನ್ನು ಲಂಬ ಆಂಟೆನಾ ಹೆಚ್ಚಾಗಿ ಹಿಡಿಯುತ್ತದೆಂಬುದು ಹವ್ಯಾಸಿಗಳ ಸಾಮಾನ್ಯ ಅನುಭವ. ಎರಡು ಎತ್ತರದ ಆಧಾರಗಳಿಲ್ಲದೆ ಒಂದೇ ಕಂಬದಲ್ಲಿ ನಿಲ್ಲುವುದು, ಕೆಳಕೋನದ ಪ್ರಸಾರ, ಎಲ್ಲ ದಿಕ್ಕಿಗೂ ಸಮಾನತೆ ಇವು ಲಂಬ ಆಂಟೆನಾದ ಅನುಕೂಲಗಳು.

## ಸುರಕ್ಷತೆ

ಆಂಟೆನಾ ನಿಲ್ಲಿಸುವಾಗ ಅಥವಾ ಇಳಿಸುವಾಗ ವಿದ್ಯುತ್ ತಂತಿಗೆ ತಗಲುವುದು ಪ್ರಾಣಾಂತಿಕ. ಕಂಬ ಹಾಗೂ ಆಂಟೆನಾ ಯಾವ ದಿಕ್ಕಿಗೆ ಉರುಳಿದರೂ ಅದರ ತುದಿಗೂ ವಿದ್ಯುತ್ ತಂತಿಗೂ ನಡುವೆ ಕನಿಷ್ಠ 3 ಮೀಟರ್ ಅಂತರ ಉಳಿಯುವಂತೆ ಸ್ಥಳವನ್ನು ಆರಿಸಬೇಕು. ಅಂಥ ಸ್ಥಳ ಸಿಗದಿದ್ದರೆ ಆಂಟೆನಾವನ್ನು ನಿಲ್ಲಿಸಲೇಬಾರದು. ಹಸಿ ಬಿದಿರು ಸಹ ವಿದ್ಯುತ್ತನ್ನು ಹರಿಸಬಲ್ಲದು. ಈ ಕೆಲಸವನ್ನು ಒಬ್ಬರೇ ಮಾಡಬಾರದು, ಗಾಳಿಮಳೆಯಲ್ಲಿ ಕೈಗೊಳ್ಳಬಾರದು.

ಪ್ರಸಾರದ ವೇಳೆ ರೇಡಿಯಲ್‌ಗಳ ತುದಿಯಲ್ಲಿ ಅಧಿಕ ವೋಲ್ಟೇಜ್ ಇರುತ್ತದೆ. ಮುಟ್ಟಿದರೆ ಚರ್ಮ ಸುಡುತ್ತದೆ. ಮಕ್ಕಳು ಆಡುವ, ಬಟ್ಟೆ ಒಣಹಾಕುವ ತಾರಸಿಗಳಲ್ಲಿ ತಂತಿಗಳು ಕೈಗೆಟುಕದಷ್ಟು ಎತ್ತರದಲ್ಲಿರಬೇಕು. ಆಧಾರದ ಲೋಹದ ಕಂಬವನ್ನು ಸಿಡಿಲಿನ ರಕ್ಷಣೆಗಾಗಿ ಭೂಮಿಗೆ ಜೋಡಿಸಬೇಕು; ಗುಡುಗು ಸಮೀಪಿಸುವ ಮುನ್ನವೇ ಕೇಬಲನ್ನು ಉಪಕರಣದಿಂದ ಕಳಚಿ ಮನೆಯ ಹೊರಗಿಡಬೇಕು.

## ಭಾರತದಲ್ಲಿ

ಭಾರತದಲ್ಲಿ ಹವ್ಯಾಸಿ ರೇಡಿಯೋ ಪ್ರಸಾರಕ್ಕೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರವಾನಗಿ ಅಗತ್ಯ. ಅದಕ್ಕಾಗಿ ನಡೆಯುವ ಪರೀಕ್ಷೆಯಲ್ಲಿ ಸಾಮಾನ್ಯ ಹಾಗೂ ನಿರ್ಬಂಧಿತ ಎಂಬ ಎರಡು ದರ್ಜೆಗಳಿವೆ. ಉತ್ತೀರ್ಣರಾಗಿ ಪರವಾನಗಿ ಪಡೆದವರಿಗೆ ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ದೊರೆಯುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ 7.0ರಿಂದ 7.2 ಮೆಗಾಹರ್ಟ್ಸ್, 20 ಮೀಟರ್ ಬ್ಯಾಂಡಿನಲ್ಲಿ 14.0ರಿಂದ 14.35 ಮೆಗಾಹರ್ಟ್ಸ್, 2 ಮೀಟರ್ ಬ್ಯಾಂಡಿನಲ್ಲಿ 144ರಿಂದ 146 ಮೆಗಾಹರ್ಟ್ಸ್ ವ್ಯಾಪ್ತಿ ಹವ್ಯಾಸಿಗಳಿಗೆ ಲಭ್ಯವಿದೆ. ರೇಡಿಯಲ್‌ಗಳನ್ನು ಹೂಳಲು ಅಂಗಳವಿಲ್ಲದ ನಗರದ ಮನೆಗಳಲ್ಲಿ ತಾರಸಿಯ ಮೇಲಿನ ಎತ್ತರಿಸಿದ ಲಂಬ ಆಂಟೆನಾ ಒಂದು ಅನುಕೂಲವಾದ ಆಯ್ಕೆ. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ರೇಡಿಯಲ್‌ಗಳ ಹೊಂದಾಣಿಕೆಯನ್ನು ಬದಲಿಸಬಹುದಾದ್ದರಿಂದ, ಅಲ್ಲಿ ಕೊನೆಯ ಅಳತೆಯನ್ನು ಆಂಟೆನಾ ತನ್ನ ಸ್ಥಾನದಲ್ಲಿ ನಿಂತ ಬಳಿಕವೇ ನಿರ್ಧರಿಸಬೇಕಾಗುತ್ತದೆ.